ಅಂಕಿತ ಬರುವುದು ವಚನದ ಕೊನೆಯಲ್ಲಿ

(ಶಿವಮೊಗ್ಗದಲ್ಲಿ ಸ್ವತಂತ್ರವಾಗಿ ದುಡಿಯುವ ವಿನ್ಯಾಸಕಾರರು, ಛಾಯಾಗ್ರಾಹಕರು ಮತ್ತು ಚಿತ್ರಕಲೆಯ ವಿದ್ಯಾರ್ಥಿಗಳು ಸೇರಿದ್ದ ಸಣ್ಣ ಕೂಟದಲ್ಲಿ ಆಡಿದ ಮಾತುಗಳಿವು. ಹಲಗೆಯ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಬೇಕಾಗಿರುವುದರಿಂದ ಕೆಲವು ಕಡೆ ಹಿಗ್ಗಿಸಿದ್ದೇನೆ.)

ಬೆಂಗಳೂರಿನ ಕೆಲಸ ಬಿಟ್ಟು ಶಿವಮೊಗ್ಗಕ್ಕೆ ವಾಪಸು ಬಂದು ಸ್ವಂತ ಕೆಲಸ ಶುರುಮಾಡಿದ ಮೊದಲ ವರ್ಷ ನನಗೆ ಗಿರಾಕಿಗಳಿರಲಿಲ್ಲ, ಸಮಯ ಮಾತ್ರ ಬೇಕಾದಷ್ಟಿತ್ತು. ಗಿರಾಕಿಗಳಿಲ್ಲದ ವಿನ್ಯಾಸಕಾರ ಏನು ಮಾಡುತ್ತಾನೆ? ತನಗೊಂದು ಲೋಗೋ ಮಾಡಿಕೊಳ್ಳುತ್ತಾನೆ. ನಾನೂ ಒಂದೂವರೆ ತಿಂಗಳು ಕೂತು ಮಾಡಿದೆ. ಅದರಲ್ಲಿ ಒಂದು ಅಡಿಕೆ ಮರವಿತ್ತು. ಮರದ ಕಾಂಡವೇ ಕೆಳಗೆ ಬರುತ್ತ ಲೇಖನಿಯ ನಿಬ್ಬಾಗುತ್ತಿತ್ತು. ನಿಬ್ಬಿನಿಂದ ಇಳಿದ ಶಾಯಿ ನಾಲ್ಕು ಧಾರೆಯಾಗಿ ಜೋಗವಾಗುತ್ತಿತ್ತು. ರಾಜ, ರಾಣಿ, ರೋರರ್, ರಾಕೆಟ್, ನಾಲ್ಕಕ್ಕೂ ಬೇರೆ ಬೇರೆ ನೀಲಿ. ಸುತ್ತ ಒಂದು ವೃತ್ತ, ವೃತ್ತದ ಅಂಚಿನಲ್ಲಿ ನನ್ನ ಪೂರ್ತಿ ಹೆಸರು. ನಗಬೇಡಿ. ಇಲ್ಲಿ ಕುಳಿತಿರುವವರ ಕೆಲಸಗಳನ್ನು ನೋಡಿಕೊಂಡೇ ಬಂದಿದ್ದೇನೆ, ಕನಿಷ್ಠ ಮೂವರ ಲೋಗೋದಲ್ಲಿ ಜೋಗ ಇದೆ.

ಕೊನೆಗೂ ಒಂದು ಕೆಲಸ ಸಿಕ್ಕಿತು. ಅಡಿಕೆ ಮಂಡಿಯೊಂದರ ಬಿಲ್ ಪುಸ್ತಕ ಮತ್ತು ಬೋರ್ಡು. ಕೆಲಸ ಮುಗಿಸಿ ನನ್ನ ಬಿಲ್ ಕೊಡಲು ಹೋದಾಗ ಸೀಲು ಬೇಕು ಎಂದರು. ಗಾಂಧಿ ಬಜಾರಿನ ಓಣಿಯೊಂದರಲ್ಲಿ ರಬ್ಬರ್ ಸ್ಟಾಂಪ್ ಮಾಡುವವರ ಬಳಿ ಹೋಗಿ ಲೋಗೋ ತೋರಿಸಿದೆ. ಅವರು ಕನ್ನಡಕ ಮೇಲೆತ್ತಿ ನೋಡಿ, "ಇದರಲ್ಲಿ ಎಷ್ಟು ಬೇಕು?" ಎಂದು ಕೇಳಿದರು. ಎಲ್ಲವೂ ಬೇಕು ಎಂದೆ. ಅವರು ವಾದ ಮಾಡಲಿಲ್ಲ, ಮಾಡಿಕೊಟ್ಟರು. ಮಂಡಿಯ ಗುಮಾಸ್ತರ ಎದುರಿಗೆ ಬಿಲ್ಲಿನ ಮೇಲೆ ಒತ್ತಿದೆ. ಅವರು ಕಾಗದವನ್ನು ಬೆಳಕಿಗೆ ಹಿಡಿದು, "ಹೆಬ್ಬೆಟ್ಟು ಯಾಕೆ ಒತ್ತಿದ್ದೀರಿ ಮಾರಾಯರೇ? ಸಹಿ ಬರುವುದಿಲ್ಲವೇ?" ಎಂದರು.

ಆ ಹೆಬ್ಬೆಟ್ಟಿನಿಂದಲೇ ಇವತ್ತಿನ ಮಾತು ಹೊರಟಿದೆ.

ಲೋಗೋಗೆ ನಾವು ಕನ್ನಡದಲ್ಲಿ ಲಾಂಛನ ಎನ್ನುತ್ತೇವೆ. ಪತ್ರಿಕೆಗಳೂ ಹಾಗೆಯೇ ಬರೆಯುತ್ತವೆ. ನನ್ನ ತಕರಾರು ಇರುವುದು ಅಲ್ಲಿಯೇ. ಲಾಂಛನ ಅರಸರ ವಸ್ತು. ಬಳ್ಳಿಗಾವಿಗೆ ಹೋದವರು ಅಲ್ಲಿನ ಗಂಡಭೇರುಂಡ ಕಂಬವನ್ನು ನೋಡಿರುತ್ತೀರಿ. 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ್ದು, 30 ಅಡಿಗೂ ಎತ್ತರ, ಮೇಲೆ ಎರಡು ತಲೆಯ ಹಕ್ಕಿ. ಕೆಳದಿಯ ರಾಮೇಶ್ವರ ದೇವಸ್ಥಾನದ ಒಳಗೆ ಕತ್ತೆತ್ತಿದರೆ ಅಲ್ಲೂ ಅದೇ ಹಕ್ಕಿ. ಈಗ ಕರ್ನಾಟಕ ಸರ್ಕಾರದ ಲಾಂಛನದಲ್ಲೂ ಅದೇ. ಆ ಹಕ್ಕಿಯ ಕೆಲಸವೇ ದೂರದಿಂದ ಹೆದರಿಸುವುದು. ಇದು ನಮ್ಮ ಸೀಮೆ, ಇಲ್ಲಿ ನಮ್ಮ ಮಾತು ನಡೆಯುತ್ತದೆ ಎನ್ನುವುದು. ಬಾಡಿಗೆಯ ಒಂದು ಕೋಣೆ, ಒಂದು ಲ್ಯಾಪ್‌ಟಾಪ್, ಕಟ್ಟಬೇಕಾದ ಕಂತು, ಇಷ್ಟು ಇಟ್ಟುಕೊಂಡು ಒಬ್ಬನೇ ದುಡಿಯುವವನಿಗೆ ಯಾವ ಸೀಮೆ, ಯಾವ ಸೈನ್ಯ? ನಾವು ಲಾಂಛನ ಮಾಡಿಕೊಳ್ಳಲು ಹೊರಡುತ್ತೇವೆ, ಅದಕ್ಕೇ ಎಲ್ಲವನ್ನೂ ತುಂಬುತ್ತೇವೆ. ನಾನು ಯಾರು, ಎಲ್ಲಿಯವನು, ಏನು ಮಾಡುತ್ತೇನೆ, ಎಷ್ಟು ಜಾಣ, ಎಲ್ಲವೂ ಒಂದು ರೂಪಾಯಿ ನಾಣ್ಯದ ಅಗಲದಲ್ಲಿ.

ಕಂಬ ನಿಂತು ನೂರು ವರ್ಷದ ಆಸುಪಾಸಿನಲ್ಲಿ ಅದೇ ಬಳ್ಳಿಗಾವಿಯಿಂದ ಇನ್ನೊಬ್ಬ ಬಂದ. ಅಲ್ಲಮಪ್ರಭುವಿನ ಊರು ಅದೇ ಎನ್ನುತ್ತಾರೆ. ಅವನ ಹತ್ತಿರ ಕಂಬವಿರಲಿಲ್ಲ, ‘ಗುಹೇಶ್ವರ’ ಎಂಬ ಒಂದು ಮಾತಿತ್ತು. ಅದೇ ಶಿಕಾರಿಪುರ ಸೀಮೆಯ ಉಡುತಡಿಯಿಂದ ಹೊರಟ ಅಕ್ಕಮಹಾದೇವಿಗೆ ‘ಚೆನ್ನಮಲ್ಲಿಕಾರ್ಜುನ’. ಇದು ಲಾಂಛನವಲ್ಲ, ಅಂಕಿತ. ನನ್ನ ಪ್ರಕಾರ ಒಂಟಿಯಾಗಿ ದುಡಿಯುವ ಕಲಾವಿದ ಮಾಡಿಕೊಳ್ಳಬೇಕಾದದ್ದು ಅಂಕಿತವನ್ನು.

ವ್ಯತ್ಯಾಸ ಏನು ಎಂದು ಸ್ವಲ್ಪ ನಿಂತು ನೋಡೋಣ. ಅಂಕಿತ ವಚನದ ವಿಷಯವನ್ನು ಹೇಳುವುದಿಲ್ಲ. ವಚನ ಹಸಿವಿನ ಬಗ್ಗೆ ಇರಲಿ, ಬಯಲಿನ ಬಗ್ಗೆ ಇರಲಿ, ಜಗಳವೇ ಇರಲಿ, ಕೊನೆಗೆ ಬರುವ ಮಾತು ಒಂದೇ. ಅದು ಬರೆದವರ ಸ್ವಂತ ಹೆಸರೂ ಅಲ್ಲ, ಇಷ್ಟದೈವದ ಹೆಸರು. ಆದರೂ ಹೆಸರಿಗಿಂತ ಗಟ್ಟಿಯಾಗಿ ಬರೆದವರನ್ನು ತೋರಿಸುತ್ತದೆ. ಇದು ಯಾರ ವಚನ ಎಂದು ವಿದ್ವಾಂಸರು ವಿಂಗಡಿಸುವುದು ಮೊದಲಿಗೆ ಅಂಕಿತ ನೋಡಿಯೇ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಬರುವುದು ಕೊನೆಯಲ್ಲಿ. ಮೇಲಿನ ಸಾಲುಗಳು ಮೊದಲು ನಿಲ್ಲಬೇಕು, ಆಮೇಲೆ ಅಂಕಿತಕ್ಕೆ ತೂಕ. ಮೇಲೆ ಏನೂ ಇಲ್ಲದೆ ‘ಗುಹೇಶ್ವರ’ ಎಂದಷ್ಟೇ ಬರೆದರೆ ಅದು ಒಂದು ದೇವಸ್ಥಾನದ ಬೋರ್ಡು. ನಾನು ಒಂದೂವರೆ ತಿಂಗಳು ಮಾಡಿದ್ದು ಅದನ್ನೇ, ವಚನ ಬರೆಯುವ ಮೊದಲೇ ಅಂಕಿತಕ್ಕೆ ಬಣ್ಣ ಹಚ್ಚುತ್ತ ಕೂತಿದ್ದೆ.

ಹಾಗಾಗಿ ಹೊಸದಾಗಿ ಶುರುಮಾಡಿದವರಿಗೆ ನನ್ನ ಸಲಹೆ ಸ್ವಲ್ಪ ನಿರಾಶೆ ತರಬಹುದು. ಮೊದಲ ಹತ್ತು ಕೆಲಸಗಳಿಗೆ ಲೋಗೋ ಬೇಡ. ಹೆಸರನ್ನು ಒಂದು ಒಳ್ಳೆಯ ಫಾಂಟಿನಲ್ಲಿ ನೇರವಾಗಿ ಬರೆದು ಹಾಕಿ. ನೋಟೊ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ ಮೊದಲಾದವು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ, ದುಡ್ಡು ಕೊಡಬೇಕಾಗಿಲ್ಲ, ಕದಿಯಬೇಕಾಗಿಯೂ ಇಲ್ಲ. ಹತ್ತು ಕೆಲಸ ಆದಮೇಲೆ ಎಲ್ಲವನ್ನೂ ನೆಲದ ಮೇಲೆ ಹರವಿ ನೋಡಿ. ನಿಮ್ಮ ಕೈಗೆ ಏನು ಅಭ್ಯಾಸವಾಗಿದೆ, ದಪ್ಪ ಗೆರೆಯೋ, ಖಾಲಿ ಜಾಗವೋ, ಓರೆಯೋ, ಅದು ಅಲ್ಲಿ ಕಾಣುತ್ತದೆ. ಅಂಕಿತ ಅದರಿಂದ ಹುಟ್ಟಬೇಕು.

ಇನ್ನು ಅಕ್ಷರದ ವಿಷಯ. ಇದರಲ್ಲಿ ನನಗೆ ಸ್ವಲ್ಪ ಹುಚ್ಚು ಜಾಸ್ತಿ, ಸಹಿಸಿಕೊಳ್ಳಿ.

ಇಂಗ್ಲಿಷಿನಲ್ಲಿ ಸ್ವಂತ ಗುರುತು ಎಂದರೆ ಹೆಸರಿನ ಮೊದಲಕ್ಷರಗಳನ್ನು ಹೆಣೆಯುವುದು. ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ ಐನೂರು ವರ್ಷಗಳ ಹಿಂದೆಯೇ ‘ಎ’ ಅಕ್ಷರದ ಕಾಲುಗಳ ನಡುವೆ ಪುಟ್ಟ ‘ಡಿ’ ಕೂರಿಸಿ ತನ್ನ ಮುದ್ರಣಗಳ ಮೇಲೆ ಹಾಕುತ್ತಿದ್ದ. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬ ಭೇದವಿಲ್ಲ, ಬಿಡಿ ವ್ಯಂಜನಗಳನ್ನು ಸಾಲಾಗಿ ನಿಲ್ಲಿಸುವ ರೂಢಿಯೂ ಇಲ್ಲ. ನಮ್ಮ ಪ್ರತಿ ಅಕ್ಷರವೂ ಬಾಯಲ್ಲಿ ಹೇಳಬಹುದಾದ ಒಂದು ತುಣುಕು. ಇದು ತೊಡಕಲ್ಲ, ಆಸ್ತಿ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಚಿಕ್ಕದು ಮಾಡಿದರೆ ಕೆ.ವಿ. ಪುಟ್ಟಪ್ಪ. ಕನ್ನಡದಲ್ಲಿ ಚಿಕ್ಕದು ಮಾಡಿದರೆ ಕುವೆಂಪು. ಮೊದಲನೆಯದು ಹಾಜರಿ ಪುಸ್ತಕದಲ್ಲಿ ಕೂಗುವ ಹೆಸರು, ಎರಡನೆಯದು ಒಂದು ಹೊಸ ಶಬ್ದ, ಒಳಗೆ ‘ಇಂಪು, ಕಂಪು’ಗಳ ನಾದ ಬೇರೆ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಊರು, ಒಬ್ಬ ತಂದೆ, ಒಬ್ಬ ಮಗ, ಮೂವರೂ ಮೂರು ಅಕ್ಷರದೊಳಗೆ ಇದ್ದಾರೆ. ಇದಕ್ಕಿಂತ ಒಳ್ಳೆಯ ಸ್ವಂತ ಗುರುತನ್ನು ಮಲೆನಾಡಿನಲ್ಲಿ ನಾನು ಕಂಡಿಲ್ಲ, ಚಿತ್ರವೇ ಇಲ್ಲದ ಗುರುತು.

ನೀವೂ ಇವತ್ತು ರಾತ್ರಿ ಊರು, ಅಪ್ಪ ಅಥವಾ ಅಮ್ಮ, ಹೆಸರು, ಮೂರರ ಮೊದಲಕ್ಷರ ಜೋಡಿಸಿ ಗಟ್ಟಿಯಾಗಿ ಓದಿ ನೋಡಿ. ಎಲ್ಲರಿಗೂ ಕುವೆಂಪು ಸಿಗುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನನ್ನದು ‘ಹೊಗಶ್ರೀ’ ಆಯಿತು. ಹೆಂಡತಿ ಅದನ್ನು ‘ಹೊಗೆಶ್ರೀ’ ಎಂದು ಓದಿದಳು, ಅಲ್ಲಿಗೆ ಅದು ಮುಗಿಯಿತು.

ಆಮೇಲೆ ಬರೀ ‘ಶ್ರೀ’ ಒಂದನ್ನೇ ಇಟ್ಟುಕೊಂಡೆ. ಚಂದದ ಅಕ್ಷರ. ಮೇಲೆ ದೀರ್ಘದ ಸುರುಳಿ, ಕೆಳಗೆ ರಕಾರದ ಒತ್ತು, ಬರೆಯಲು ಕೈಗೆ ಹಬ್ಬ. ಒಂದು ವಾರ ಬರೆದೆ. ಬೋರ್ಡಿನ ಮೂಲೆಯಲ್ಲಿ ಹಾಕಿದೆ. ಮಂಡಿಯ ಯಜಮಾನರು ನೋಡಿ ಸಂತೋಷಪಟ್ಟರು. "ದೇವರ ಹೆಸರು ಮೊದಲು ಹಾಕಿದ್ದು ಒಳ್ಳೆಯದಾಯಿತು. ನಿಮ್ಮ ಹೆಸರು ಎಲ್ಲಿದೆ?" ಅವರದು ತಪ್ಪಲ್ಲ. ಲೆಕ್ಕದ ಪುಸ್ತಕದ ತುದಿಗೆ, ಮದುವೆ ಕರೆಯೋಲೆಯ ನೆತ್ತಿಗೆ, ಲಾರಿಯ ಹಣೆಗೆ ಎಲ್ಲ ಕಡೆ ಇರುವ ಅಕ್ಷರವನ್ನು ನನ್ನದು ಎಂದರೆ ಯಾರು ಒಪ್ಪುತ್ತಾರೆ?

ನನ್ನ ಹೆಸರು ‘ಶ್ರೀ’ಯಿಂದ ಶುರುವಾಗಿ ‘ಧರ’ದಲ್ಲಿ ಮುಗಿಯುತ್ತದೆ. ಮೊದಲಕ್ಷರವನ್ನೇ ಹಿಡಿಯಬೇಕೆಂದು ಯಾರು ಹೇಳಿದ್ದಾರೆ? ನಡುವಿನ ‘ಧ’ ಹಿಡಿದೆ.

‘ಧ’ ಎಂದರೆ ಏನು? ಒಂದನೇ ತರಗತಿಯಲ್ಲಿ ಕಲಿತಂತೆ, ‘ದ’ದ ಹೊಟ್ಟೆ ಸೀಳಿದರೆ ‘ಧ’. ಆ ಸೀಳಿನೊಂದಿಗೆ ನಡುವೆ ಚುಕ್ಕಿ ಇಟ್ಟರೆ ‘ಥ’. ಮೂರೂ ಒಂದೇ ಮನೆಯವು. ದೊಡ್ಡದಾಗಿ ಬರೆದಾಗ ತೊಂದರೆಯಿಲ್ಲ. ಸೀಲಿನ ಗಾತ್ರಕ್ಕೆ ಇಳಿಸಿದಾಗ ಆ ಸೀಳಿನ ಎರಡೂ ಪಕ್ಕದಲ್ಲಿರುವ ಜಾಗ ಕೂದಲೆಳೆಯಷ್ಟಾಗುತ್ತದೆ. ಶಾಯಿ ಅಲ್ಲಿ ಸೇರಿಕೊಳ್ಳುತ್ತದೆ, ಸೀಳು ಮುಚ್ಚಿಹೋಗುತ್ತದೆ, ಮಹಾಪ್ರಾಣ ಹೋಗಿ ‘ದ’ ಉಳಿಯುತ್ತದೆ. ಏಪ್ರಿಲ್‌ನಲ್ಲಿ ಮಾಡಿಸಿದ ಸೀಲು ಏಪ್ರಿಲ್‌ನಲ್ಲಿ ಚೆನ್ನಾಗಿಯೇ ಬಿತ್ತು. ಜುಲೈನಲ್ಲಿ ನಮ್ಮ ಕಡೆಯ ಕಾಗದ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಹಪ್ಪಳ ಒಣಗದ ಕಾಲದಲ್ಲಿ ಕಾಗದವೂ ಒಣಗಿರುವುದಿಲ್ಲ. ಸ್ಟಾಂಪ್ ಪ್ಯಾಡಿನ ಶಾಯಿ ಎಳೆ ಎಳೆಯಾಗಿ ಹರಡಿತು, ಎಲ್ಲ ಬಿಲ್ಲುಗಳ ಮೇಲೂ ‘ದ’.

ಆಗ ನನಗೆ ಹೊಳೆದದ್ದು ಇಷ್ಟೇ, ತೊಂದರೆ ಕೊಡುವ ಜಾಗವನ್ನೇ ದೊಡ್ಡದು ಮಾಡಬೇಕು. ಸೀಳನ್ನು ಅಕ್ಷರದ ಅರ್ಧ ಎತ್ತರದವರೆಗೆ ಮೇಲಕ್ಕೆ ಎಳೆದೆ. ಎರಡೂ ಪಕ್ಕದ ಬಿಳಿಯನ್ನು ಗೆರೆಯಷ್ಟೇ ದಪ್ಪ ಇಟ್ಟೆ. ತಲೆಕಟ್ಟನ್ನು ಚಿಕ್ಕದು ಮಾಡಿ ಬಲಕ್ಕೆ ಸ್ವಲ್ಪ ಎತ್ತಿದೆ. ಈಗ ನೋಡಿದವರು ಕೆಲವರು ಮಡಕೆ ಎನ್ನುತ್ತಾರೆ, ಒಬ್ಬರು ಒಡೆದ ಅಡಿಕೆ ಎಂದರು. ನಾನು ಯಾವುದನ್ನೂ ಬಿಡಿಸಲಿಲ್ಲ, ಶಾಯಿಗೆ ಜಾಗ ಬಿಟ್ಟೆ ಅಷ್ಟೇ. ಅಡಿಕೆ ಮರ ತೆಗೆದಮೇಲೆ ಅಡಿಕೆ ತಾನಾಗಿ ಬಂತು, ಇದಕ್ಕೆ ನಾನೇನು ಮಾಡಲಿ!

ಗುರುತನ್ನು ಪರೀಕ್ಷಿಸುವುದು ಹೇಗೆ ಎಂದು ಪುಸ್ತಕಗಳು ಹೇಳುತ್ತವೆ. ಒಂದೇ ಬಣ್ಣದಲ್ಲಿ ನೋಡಿ, 16 ಪಿಕ್ಸೆಲ್‌ಗೆ ಇಳಿಸಿ ನೋಡಿ, ತಲೆಕೆಳಗು ಮಾಡಿ ನೋಡಿ. ಎಲ್ಲವೂ ಸರಿಯೇ. ಆದರೆ ನಮ್ಮ ಸುತ್ತ ಅದಕ್ಕಿಂತ ಕಠಿಣ ಪರೀಕ್ಷಕರಿದ್ದಾರೆ. ಅಡಿಕೆ ಮಂಡಿಗೆ ಹೋಗಿ, ಚೀಲದ ಮೇಲೆ ಗುರುತು ಹಾಕುವ ತಗಡಿನ ಅಚ್ಚು ನೋಡಿ. ತಗಡಿನಲ್ಲಿ ‘ರ’ ಕತ್ತರಿಸಿದರೆ ನಡುವಿನ ಸುತ್ತು ಉದುರಿ ಬೀಳುತ್ತದೆ. ಉದುರದಂತೆ ಅಲ್ಲಲ್ಲಿ ಸಣ್ಣ ಸೇತುವೆ ಬಿಡಬೇಕು. ಮುಚ್ಚಿದ ಸುತ್ತು ಎಲ್ಲೆಲ್ಲಿದೆ, ಎಲ್ಲಿ ತೆರೆದರೂ ಅಕ್ಷರ ಕೆಡುವುದಿಲ್ಲ ಎಂಬುದನ್ನು ನಾನು ಕಲಿತದ್ದು ಆ ತಗಡು ಕತ್ತರಿಸುವವರ ಕೈ ನೋಡಿ. ನಾಟಾ ಡಿಪೊದಲ್ಲಿ ದಿಮ್ಮಿಯ ಕೊಯ್ದ ಮುಖದ ಮೇಲೆ ಸುತ್ತಿಗೆಯಿಂದ ಒತ್ತಿದ ಗುರುತು ನೋಡಿ. ಒಂದೇ ಏಟಿಗೆ ಮೂಡಬೇಕು, ಮಳೆಗೆ ನೆನೆದು ಬಿಸಿಲಿಗೆ ಒಡೆದ ಮೇಲೂ ಓದಲು ಬರಬೇಕು. ಅಲ್ಲಿ ನೀಲಿಯ ನಾಲ್ಕು ಛಾಯೆಗೆ ಕೆಲಸವಿಲ್ಲ.

ಆದರೆ ನನಗೆ ಹೆಚ್ಚು ಇಷ್ಟವಾದ ಪಾಠಶಾಲೆ ಪಾತ್ರೆ ಅಂಗಡಿ. ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಒಂದು ತಾಮ್ರದ ಹಂಡೆ ಇದೆ. ಅದರ ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಉಳಿಯಿಂದ ಹೊಡೆದ ಎರಡು ಅಕ್ಷರ, ‘ಹೊ. ಗ.’ ಮೊದಲನೆಯದು ಊರು, ಎರಡನೆಯದು ಮನೆಯ ಯಜಮಾನ. ಪೂರ್ತಿ ಹೆಸರು ಯಾಕಿಲ್ಲ ಎಂದರೆ, ಹೆಸರು ಹೊಡೆಯುವವರು ಅಕ್ಷರಕ್ಕೆ ಇಷ್ಟು ಎಂದು ದುಡ್ಡು ತೆಗೆದುಕೊಳ್ಳುತ್ತಾರೆ. ಜಿಪುಣತನದಿಂದ ಹುಟ್ಟಿದ ವಿನ್ಯಾಸ ಅದು. ಉಪನಯನಕ್ಕೆ, ಮದುವೆಗೆ ಊರಿನ ಹಂಡೆ, ಕೊಪ್ಪರಿಗೆ, ಸೌಟುಗಳೆಲ್ಲ ಒಂದೇ ಚಪ್ಪರಕ್ಕೆ ಹೋಗಿ, ಮಸಿ ಹಿಡಿದು, ಮರುದಿನ ಅಂಗಳದಲ್ಲಿ ರಾಶಿ ಬಿದ್ದಿರುತ್ತವೆ. ಯಾರ ಪಾತ್ರೆ ಯಾರ ಮನೆಗೆ ಎಂದು ಹೆಬ್ಬೆರಳಿನಿಂದ ಮಸಿ ಒರೆಸಿ ಆ ಎರಡಕ್ಷರ ಹುಡುಕಿ ತೀರ್ಮಾನ ಮಾಡುತ್ತಿದ್ದರು. ಮಸಿಯ ಕೆಳಗಿದ್ದರೂ ಬೆರಳಿಗೆ ಸಿಗುವ ಗುರುತು! ನಾನು ಜೋಗ ಬಿಡಿಸುತ್ತಿದ್ದಾಗ ಆ ಹಂಡೆ ಬಚ್ಚಲಿನಲ್ಲೇ ಇತ್ತು.

ಈಗ ಒಂದು ಎಚ್ಚರಿಕೆಯ ಮಾತು. ಇತ್ತೀಚೆಗೆ ಮಲೆನಾಡಿನ ಛಾಯಾಗ್ರಾಹಕರು, ಹೋಂಸ್ಟೇ ಇಟ್ಟವರು, ವಿನ್ಯಾಸಕಾರರು ಹಸೆ ಚಿತ್ತಾರದ ಗೆರೆಗಳನ್ನು ತಮ್ಮ ಲೋಗೋ ಮಾಡಿಕೊಳ್ಳುವುದು ಹೆಚ್ಚಾಗಿದೆ. ಈ ಚಿತ್ತಾರ ದೀವರ ಸಮುದಾಯದ ಹೆಣ್ಣುಮಕ್ಕಳ ಕೈಯದು. ಕೆಮ್ಮಣ್ಣು, ಅಕ್ಕಿಯ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ. ಮದುವೆಗೆ ಗೋಡೆಯ ಮೇಲೆ, ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ. ಅದನ್ನು ಬರೆದವರು ಕೆಳಗೆ ಸಹಿ ಹಾಕಿದವರಲ್ಲ. ಒಂದು ಸಮುದಾಯ ಸಹಿಯಿಲ್ಲದೆ ಬಿಟ್ಟದ್ದನ್ನು ಒಬ್ಬ ತನ್ನ ಸಹಿಯಾಗಿ ಮಾಡಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಕಲಿಯಿರಿ, ಬರೆಯುವವರಿಗೆ ಕೆಲಸ ಕೊಡಿ, ಅವರ ಹೆಸರು ಹಾಕಿ. ನಿಮ್ಮ ಅಂಕಿತಕ್ಕೆ ಮಾತ್ರ ಬೇರೆ ದಾರಿ ನೋಡಿಕೊಳ್ಳಿ. ಗಂಡಭೇರುಂಡದ ಆಸೆ ಇದ್ದವರಿಗೆ ಇನ್ನೊಂದು ಅಡ್ಡಿ ಇದೆ. ರಾಜ್ಯ ಸರ್ಕಾರಗಳ ಲಾಂಛನವನ್ನು ವ್ಯಾಪಾರಕ್ಕೆ ಬಳಸುವುದನ್ನು 1950ರ ಕಾನೂನು ತಡೆಯುತ್ತದೆ.

ಕಾನೂನಿನ ಮಾತು ಬಂದದ್ದರಿಂದ ಬೇಗ ಮುಗಿಸುತ್ತೇನೆ. 1999ರ ಟ್ರೇಡ್ ಮಾರ್ಕ್ಸ್ ಅಧಿನಿಯಮದ ಕೆಳಗಿನ ನಿಯಮಗಳ ಪ್ರಕಾರ ಒಬ್ಬ ವ್ಯಕ್ತಿ ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಸರಕು ಅಥವಾ ಸೇವೆಯ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ. ವಿನ್ಯಾಸ ಸೇವೆ ಬರುವುದು 42ನೇ ವರ್ಗದಲ್ಲಿ. ನೋಂದಣಿ 10 ವರ್ಷಕ್ಕೆ, ಆಮೇಲೆ ನವೀಕರಿಸಬಹುದು. ಟಿಎಂ ಎಂಬ ಗುರುತನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ವೃತ್ತದೊಳಗಿನ ‘ಆರ್’ ಅನ್ನು ಮಾತ್ರ ನೋಂದಣಿಗೆ ಮೊದಲು ಹಾಕುವುದು ಕಾನೂನಿಗೆ ವಿರುದ್ಧ. ಚಂದ ಕಾಣುತ್ತದೆ ಎಂದು ಹಾಕಿಕೊಂಡವರು ಇಲ್ಲೇ ಇಬ್ಬರಿದ್ದೀರಿ, ಮನೆಗೆ ಹೋಗಿ ತೆಗೆಯಿರಿ. ಮೊದಲ ದಿನವೇ ನೋಂದಣಿಗೆ ಓಡಬೇಕೆ? ಬೇಡ ಎನ್ನುತ್ತೇನೆ. ಬದಲಾಗುವ ಗುರುತಿಗೆ ದುಡ್ಡು ಸುರಿಯಬೇಡಿ. ಆದರೆ ಗುರುತಿಗೆ ಬೆಲೆಯಿಲ್ಲ ಎಂದೂ ತಿಳಿಯಬೇಡಿ. ಡ್ಯೂರರನ ಕೆತ್ತನೆಗಳನ್ನು ಇಟಲಿಯ ಮಾರ್ಕ್ ಆಂಟೋನಿಯೊ ರೈಮೊಂಡಿ ನಕಲು ಮಾಡಿ ಮಾರಿದಾಗ ಡ್ಯೂರರ್ ವೆನಿಸ್ಸಿನಲ್ಲಿ ದೂರು ಕೊಟ್ಟನಂತೆ. ಕಲಾವಿದರ ಜೀವನಚರಿತ್ರೆಗಳನ್ನು ಬರೆದ ಇಟಲಿಯ ವಸಾರಿಯ ಪ್ರಕಾರ ಅವನಿಗೆ ಸಿಕ್ಕ ಪರಿಹಾರ ಇಷ್ಟೇ, ಇನ್ನು ಮುಂದೆ ರೈಮೊಂಡಿ ಆ ಗುರುತನ್ನು ಹಾಕಬಾರದು. ಚಿತ್ರ ಹೋಯಿತು, ಅಂಕಿತ ಉಳಿಯಿತು.

ಪ್ರೆಸ್ಸಿಗೆ ಕೊಡುವ ಕಂಪ್ಯೂಟರ್ ಕಡತದ ವಿಷಯದಲ್ಲಿ ಒಂದೇ ಮಾತು. ಅಕ್ಷರವನ್ನು ಅಕ್ಷರವಾಗಿಯೇ ಬಿಟ್ಟು ಪ್ರೆಸ್ಸಿಗೆ ಕಳಿಸಬೇಡಿ, ರೇಖೆಯಾಗಿ ಬದಲಿಸಿ, ಎಷ್ಟು ಹಿಗ್ಗಿಸಿದರೂ ಅಂಚು ಕೆಡದ ವೆಕ್ಟರ್ ಕಡತವಾಗಿ ಕಳಿಸಿ. ನಮ್ಮ ಪ್ರೆಸ್ಸುಗಳಲ್ಲಿ ಹಳೆಯ ನುಡಿ ಫಾಂಟುಗಳಲ್ಲೇ ಕೆಲಸ ನಡೆಯುವ ಕಂಪ್ಯೂಟರುಗಳು ಇನ್ನೂ ಇವೆ. ನೀವು ಒಂದು ಫಾಂಟಿನಲ್ಲಿ ಟೈಪಿಸಿದ್ದು ಅಲ್ಲಿ ತೆರೆದಾಗ ಒತ್ತು ಒಂದು ಕಡೆ, ದೀರ್ಘ ಒಂದು ಕಡೆ ಬಿದ್ದಿರುತ್ತದೆ. ಫ್ಲೆಕ್ಸ್ ಅಚ್ಚಾಗಿ ಗೋಪಿ ವೃತ್ತದಲ್ಲಿ ಏರಿದ ಮೇಲೆ ತಿದ್ದಲು ಏಣಿ ಬೇಕಾಗುತ್ತದೆ.

ಕೊನೆಗೆ ಪ್ರಶ್ನೆಗಳಿದ್ದರೆ ಕೇಳಿ ಎಂದಾಗ, ಹಿಂದಿನ ಸಾಲಿನಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು, "ಸರ್, ಲೋಗೋವನ್ನು ಎಷ್ಟು ವರ್ಷಕ್ಕೊಮ್ಮೆ ಬದಲಿಸಬೇಕು?" ಎಂದು ಕೇಳಿದಳು. ಅಲ್ಲಿ ಸರಿಯಾಗಿ ಉತ್ತರಿಸಲಿಲ್ಲ, ಇಲ್ಲಿ ಬರೆಯುತ್ತೇನೆ. ನನ್ನ ಸೀಲಿನ ರಬ್ಬರ್ ಸವೆದಾಗ ಅದೇ ಗಾಂಧಿ ಬಜಾರಿನ ಓಣಿಗೆ ಹೋಗುತ್ತೇನೆ. ಇದುವರೆಗೆ ಮೂರು ಸಲ ಹೋಗಿದ್ದೇನೆ. ಪ್ರತಿ ಸಲವೂ ಹಳೆಯ ಬಿಲ್ಲುಗಳನ್ನು, ಮುಖ್ಯವಾಗಿ ಜುಲೈ ತಿಂಗಳದ್ದನ್ನು, ಜೊತೆಗೆ ಒಯ್ಯುತ್ತೇನೆ. ಅವರು ಕನ್ನಡಕ ಮೇಲೆತ್ತಿ ಸೀಳು ಎಷ್ಟು ಮುಚ್ಚಿದೆ ಎಂದು ನೋಡುತ್ತಾರೆ. ನಾನು ಅಷ್ಟನ್ನು ಅಗಲ ಮಾಡಿಕೊಂಡು ಬರುತ್ತೇನೆ. ಹೋದ ಸಲ ಅವರೇ, "ಈ ಮಳೆಗಾಲಕ್ಕೆ ಇದು ತಡೆಯುತ್ತದೆ" ಎಂದರು.